ಮಾಂಟೇನ್ ಮನೆಯ ಎರಡು ಪುಸ್ತಕಗಳು

ಪ್ರಬಂಧದ ಮಾತು ಬಂದಲ್ಲೆಲ್ಲ ಮಿಶೆಲ್ ದ ಮಾಂಟೇನನ ಹೆಸರು ಬರುತ್ತದೆ. ಪ್ರಬಂಧದ ಜನಕ ಎಂದು ಒಂದು ಸಾಲಿನಲ್ಲಿ ಕೈಮುಗಿದು ಮುಂದೆ ಹೋಗುವುದು ನಮ್ಮಲ್ಲಿ ರೂಢಿ. ಇವತ್ತು ಆ ಸಾಲಿನ ಹತ್ತಿರವೇ ನಿಂತು ಎರಡು ಪ್ರಶ್ನೆ ಕೇಳೋಣ. ಈ ಜನಕನ ಸ್ವಂತ ಮನೆತನದ ಕಥೆ ಏನು? ಅವನು ಬರೆದದ್ದು ಯಾರ್ಯಾರ ಕೈ ದಾಟಿ ನಮ್ಮ ಕೈಗೆ ಬಂತು? ನನ್ನ ಅನುಭವದಲ್ಲಿ ಇವೆರಡನ್ನೂ ಬೇರೆಬೇರೆಯಾಗಿ ಓದಿದರೆ ಎರಡೂ ಅರ್ಧರ್ಧ ಮಾತ್ರ ಅರ್ಥವಾಗುತ್ತವೆ.

ಮಾಂಟೇನ್ ಹುಟ್ಟಿದ್ದು 1533ರ ಫೆಬ್ರವರಿ 28ರಂದು, ಫ್ರಾನ್ಸಿನ ನೈಋತ್ಯ ಭಾಗದ ಪೆರಿಗೋರ್ ಸೀಮೆಯಲ್ಲಿ. ಬೋರ್ಡೋ ನಗರಕ್ಕೆ ಅದು ತೀರ ದೂರವಲ್ಲ. ಆ ನಗರದ ನ್ಯಾಯಸ್ಥಾನದಲ್ಲಿ ಅಧಿಕಾರಿಯಾಗಿದ್ದು, ಆ ಕೆಲಸ ಬಿಟ್ಟು, 1571ರಲ್ಲಿ ತನ್ನ ಹುಟ್ಟುಹಬ್ಬದ ದಿನವೇ ಮನೆಯ ಗೋಪುರದ ಗ್ರಂಥಾಲಯಕ್ಕೆ ನಿವೃತ್ತನಾದೆನೆಂದು ಗೋಡೆಯ ಮೇಲೆ ಲ್ಯಾಟಿನ್‌ನಲ್ಲಿ ಬರೆಸಿದ. 1580ರಲ್ಲಿ ಬೋರ್ಡೋದ ಸಿಮೋನ್ ಮಿಲಾಂಜ್ ಎಂಬ ಮುದ್ರಕ ಅವನ ‘ಪ್ರಬಂಧಗಳು’ ಕೃತಿಯ ಮೊದಲ ಎರಡು ಭಾಗಗಳನ್ನು ಅಚ್ಚುಹಾಕಿದ. ಮೂರನೆಯ ಭಾಗ ಸೇರಿದ ಆವೃತ್ತಿ 1588ರಲ್ಲಿ ಪ್ಯಾರಿಸ್ಸಿನಿಂದ ಬಂತು. 1592ರ ಸೆಪ್ಟೆಂಬರ್ 13ರಂದು ತನ್ನ 59ನೆಯ ವಯಸ್ಸಿನಲ್ಲಿ ಅವನು ತೀರಿಕೊಂಡ. ಇದಿಷ್ಟು ಎಲ್ಲ ಕಡೆಯೂ ಸಿಗುತ್ತದೆ.

ಅಷ್ಟು ಸುಲಭವಾಗಿ ಕಣ್ಣಿಗೆ ಬೀಳದ್ದು ಅವನ ಮನೆಯಲ್ಲಿದ್ದ ಇನ್ನೊಂದು ಪುಸ್ತಕ. ಅದು ಅವನು ರಚಿಸಿದ್ದಲ್ಲ. ಮಿಖಾಯೆಲ್ ಬ್ಯೂಥರ್ ಎಂಬ ಜರ್ಮನ್ ವಿದ್ವಾಂಸ ಸಿದ್ಧಪಡಿಸಿ 1551ರಲ್ಲಿ ಪ್ಯಾರಿಸ್ಸಿನಲ್ಲಿ ಅಚ್ಚಾದ ಚಾರಿತ್ರಿಕ ದಿನದರ್ಶಿಕೆ. ವರ್ಷದ ಒಂದೊಂದು ತಾರೀಕಿಗೂ ಒಂದೊಂದು ಪುಟ. ಪುಟದ ಮೇಲ್ಭಾಗದಲ್ಲಿ ಆ ದಿನ ಹಿಂದೆ ಜಗತ್ತಿನಲ್ಲಿ ನಡೆದ ಘಟನೆಗಳು, ಕೆಳಗೆ ಖಾಲಿ ಜಾಗ. ಆ ಖಾಲಿ ಜಾಗದಲ್ಲಿ ಮಾಂಟೇನ್ ತನ್ನ ಮನೆಯ ಹುಟ್ಟು, ಸಾವು, ಮದುವೆಗಳನ್ನು ಬರೆದಿಟ್ಟ. ಅವನ ನಂತರ ವಂಶದವರೂ ಬರೆಯುತ್ತ ಹೋದರು. ಆ ಪ್ರತಿ ಈಗ ಬೋರ್ಡೋ ನಗರದ ಗ್ರಂಥಾಲಯದಲ್ಲಿದೆ. ಝಾನ್ ಮಾರ್ಷಾನ್ ಎಂಬ ವಿದ್ವಾಂಸ 1948ರಲ್ಲಿ ಅದರ ಪಡಿಯಚ್ಚನ್ನು ಪ್ರಕಟಿಸಿದ.

ನಮ್ಮ ಕಡೆಯ ವಂಶಾವಳಿ ನೆನಪಿಸಿಕೊಳ್ಳಿ. ಮೂಲಪುರುಷನಿಂದ ಶುರುವಾಗಿ ಕೊಂಬೆ ಕೊಂಬೆಯಾಗಿ ಕೆಳಗಿಳಿಯುತ್ತದೆ. ಬ್ಯೂಥರನ ಪುಸ್ತಕದಲ್ಲಿ ಆ ಕ್ರಮವೇ ಇಲ್ಲ. ಒಂದೇ ತಾರೀಕಿಗೆ ಬಿದ್ದದ್ದು ಒಂದೇ ಪುಟಕ್ಕೆ ಬರುತ್ತದೆ, ವರ್ಷ ಯಾವುದಾದರೂ ಆಗಲಿ. ಜಗತ್ತಿನ ರಾಜರ ಸಂಗತಿ ಮೇಲೆ, ತೊಟ್ಟಿಲ ಕೂಸಿನ ಸಂಗತಿ ಕೆಳಗೆ. ವಂಶವೃಕ್ಷದಲ್ಲಿ ಮಕ್ಕಳಾಗದೆ ಹೋದವರು, ಚಿಕ್ಕಂದಿನಲ್ಲೇ ತೀರಿಹೋದವರು ಕೈಬಿಟ್ಟುಹೋಗುತ್ತಾರೆ, ಅವರಿಂದ ಮುಂದೆ ಕೊಂಬೆ ಹೊರಡುವುದಿಲ್ಲವಲ್ಲ. ತಾರೀಕಿನ ಪುಸ್ತಕದಲ್ಲಿ ಹಾಗಾಗುವುದಿಲ್ಲ. ಎರಡು ತಿಂಗಳು ಬದುಕಿದ ಮಗುವಿಗೂ ಅಲ್ಲಿ ಒಂದು ಪುಟವಿದೆ.

ಹಾಗೆ ಬದುಕಿದ ಮಗು ಅವನ ಮೊದಲ ಮಗಳು ತ್ವಾನೆತ್. ಹುಟ್ಟಿದ್ದು 1570ರ ಜೂನ್ 28ರಂದು. ಎರಡು ತಿಂಗಳ ಮೇಲೆ ತೀರಿಕೊಂಡಳೆಂದು ಅಪ್ಪ ಅಲ್ಲೇ ಬರೆದಿದ್ದಾನೆ. 1571ರ ಸೆಪ್ಟೆಂಬರ್ 9ರಂದು ಎರಡನೆಯ ಮಗಳು ಲೆಯೊನೋರ್. 1573ರಲ್ಲಿ ಆನ್, ಬದುಕಿದ್ದು ಏಳು ವಾರ. ಅವಳ ನಂತರವೂ ಮೂವರು ಹೆಣ್ಣುಮಕ್ಕಳು ಹುಟ್ಟಿ ಎಳೆತನದಲ್ಲೇ ಹೋದರು. ಆರು ಮಕ್ಕಳಲ್ಲಿ ಉಳಿದವಳು ಲೆಯೊನೋರ್ ಒಬ್ಬಳೇ.

ಈಗ ಅದೇ ಮನುಷ್ಯ ‘ಪ್ರಬಂಧಗಳು’ ಕೃತಿಯಲ್ಲಿ ಇದನ್ನೇ ಹೇಗೆ ಹೇಳುತ್ತಾನೆ ಗಮನಿಸಿ. ನೋವು, ನಲಿವು ನಮ್ಮ ಅಭಿಪ್ರಾಯವನ್ನು ಎಷ್ಟರಮಟ್ಟಿಗೆ ಅವಲಂಬಿಸಿವೆ ಎಂದು ಚರ್ಚಿಸುವ ಪ್ರಬಂಧವೊಂದರಲ್ಲಿ, ಇನ್ನೂ ದಾದಿಯ ಮಡಿಲಲ್ಲಿದ್ದ ಎರಡೋ ಮೂರೋ ಮಕ್ಕಳನ್ನು ನಾನು ಕಳೆದುಕೊಂಡೆ, ದುಃಖವಾಗಲಿಲ್ಲ ಎನ್ನಲಾರೆ, ಆದರೆ ಕೊರಗಲಿಲ್ಲ ಎಂಬರ್ಥದ ಮಾತು ಬರುತ್ತದೆ. ಎರಡೋ ಮೂರೋ! ಈ ಒಂದು ವಾಕ್ಯಕ್ಕಾಗಿ ನಾಲ್ಕು ಶತಮಾನಗಳ ಓದುಗರು ಅವನನ್ನು ಬೈದಿದ್ದಾರೆ. ತೀರಿದ ಮಕ್ಕಳ ಲೆಕ್ಕವೂ ನೆನಪಿಲ್ಲದ ಅಪ್ಪ ಎಂಥವನು ಎಂದು ಕೇಳಿದ್ದಾರೆ. ಹಾಗೆ ಬೈಯುವವರು ಬ್ಯೂಥರನ ಪುಟಗಳನ್ನು ನೋಡಬೇಕು. ಅಲ್ಲಿ ಲೆಕ್ಕ ತಪ್ಪಿಲ್ಲ. ತಾರೀಕು, ಎಷ್ಟು ದಿನ ಬದುಕಿತು, ಎಲ್ಲವೂ ಇದೆ. ತಿಳಿಯದೆ ‘ಎರಡೋ ಮೂರೋ’ ಎಂದವನಲ್ಲ ಅವನು. ತಿಳಿದೂ ಹಾಗೆ ಬರೆದ.

ಯಾಕೆ ಬರೆದ? ಆ ಪ್ರಬಂಧದಲ್ಲಿ ಅವನಿಗೆ ಬೇಕಾಗಿದ್ದದ್ದು ತನ್ನ ಮನಸ್ಸಿನ ಒಂದು ಭಂಗಿ, ಆ ಹೊತ್ತಿನಲ್ಲಿ ತಾನು ನೋವನ್ನು ಹೇಗೆ ಹೊತ್ತೆ ಎಂಬ ಪರೀಕ್ಷೆ. ಸಂಖ್ಯೆಯ ಜಾಗ ಬೇರೆ ಇತ್ತು. ಮನೆಯ ಪುಸ್ತಕ ಸಂಖ್ಯೆಯನ್ನು ಹೊತ್ತುಕೊಂಡಿದ್ದರಿಂದಲೇ ಪ್ರಬಂಧಕ್ಕೆ ಅಷ್ಟು ಸಲಿಗೆ ಸಿಕ್ಕಿತು ಎಂದು ನಾನು ನಂಬುತ್ತೇನೆ. ತ್ವಾನೆತ್ ತೀರಿದಾಗ ಅವನು ಇನ್ನೊಂದು ಕೆಲಸವನ್ನೂ ಮಾಡಿದ. ಅಗಲಿದ ಗೆಳೆಯ ಲಾ ಬೊಯೆಸಿ ಅನುವಾದಿಸಿದ್ದ ಪ್ಲುಟಾರ್ಕನ ಸಾಂತ್ವನ ಪತ್ರವನ್ನು ಹೆಂಡತಿ ಫ್ರಾಂಸ್ವಾಸ್ ದ ಲಾ ಶಾಸೇನ್‌ಗೆ ಅರ್ಪಿಸಿ, ಜೊತೆಗೆ ತನ್ನದೊಂದು ಪತ್ರ ಬರೆದ. ಪ್ಲುಟಾರ್ಕ್ ಕೂಡ ಪುಟ್ಟ ಮಗಳನ್ನು ಕಳೆದುಕೊಂಡು ತನ್ನ ಹೆಂಡತಿಗೆ ಬರೆದ ಪತ್ರ ಅದು. ಕೊರಗದ ಅಪ್ಪ ಮಾಡುವ ಕೆಲಸವೇ ಇದು? ನೀವೇ ಹೇಳಿ.

ಇಲ್ಲಿ ಒಂದು ಮಾತು, ವಿಷಯದಿಂದ ಸ್ವಲ್ಪ ಆಚೆಗೆ. ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಿಗೆ ಹೆಳವರು ಬರುವುದನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಎತ್ತಿನ ಮೇಲೆ ಬಂದು, ಮನೆಯ ಮುಂದೆ ನಿಂತು, ಆ ಮನೆತನದ ತಲೆಮಾರುಗಳನ್ನು ಹೇಳಿ, ಹೊಸದಾಗಿ ಹುಟ್ಟಿದವರ ಹೆಸರು ಬರೆದುಕೊಂಡು, ಕಾಳುಕಡಿ ಪಡೆದು ಮುಂದಿನ ಊರಿಗೆ ಹೋಗುವವರು. ಅಲ್ಲಿ ಮನೆಯ ನೆನಪು ಮನೆಯವರ ಕೈಯಲ್ಲಿಲ್ಲ, ಅದನ್ನೇ ಕುಲಕಸುಬಾಗಿ ಉಳ್ಳವರ ಕೈಯಲ್ಲಿದೆ. ಫ್ರಾನ್ಸಿನ ಆ ಭಾಗದಲ್ಲಿ ಮನೆಯವರೇ ಬರೆದಿಡುತ್ತಿದ್ದರು. ಮಾಂಟೇನನ ಅಪ್ಪ ಪಿಯರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದ. ಲೆಕ್ಕದ ಪುಸ್ತಕ ಒಂದು ಕಡೆ, ಅದರ ಜೊತೆಗೆ ದಿನಚರಿ ಬರೆಯಲೆಂದೇ ಒಬ್ಬ ಗುಮಾಸ್ತ. ಯಾವ ಕೆಲಸ ಯಾವಾಗ ಶುರುವಾಯಿತು, ಯಾವಾಗ ಮುಗಿಯಿತು, ಯಾರು ಬಂದರು, ಎಷ್ಟು ದಿನ ಉಳಿದರು, ಯಾರ ಮದುವೆ, ಯಾರ ಸಾವು, ಯಾವ ಒಳ್ಳೆಯ ಸುದ್ದಿ ಬಂತು, ಯಾವ ಕೆಟ್ಟ ಸುದ್ದಿ ಬಂತು, ಮುಖ್ಯ ಆಳುಗಳು ಯಾವಾಗ ಬದಲಾದರು. ಇದನ್ನು ವಿವರಿಸಿದ ಮಗ, ಈ ಹಳೆಯ ಪದ್ಧತಿಯನ್ನು ಪ್ರತಿ ಮನೆಯೂ ಮತ್ತೆ ಹಿಡಿಯುವುದು ಒಳ್ಳೆಯದು, ಅದನ್ನು ಮುಂದುವರಿಸದ ನಾನು ಮೂರ್ಖ ಎನ್ನುತ್ತಾನೆ. ಬ್ಯೂಥರನ ಪುಸ್ತಕದಲ್ಲಿ ಬರೆಯುತ್ತಿದ್ದವನೇ ಈ ಮಾತು ಹೇಳುತ್ತಾನೆ! ಅಪ್ಪನ ದಿನಚರಿಯ ಮುಂದೆ ತನ್ನ ಬರವಣಿಗೆ ಅವನಿಗೆ ಏನೂ ಅಲ್ಲ ಅನ್ನಿಸಿರಬೇಕು.

ಇನ್ನು ಮನೆತನದ ಮೂಲಕ್ಕೆ ಬರೋಣ. ಮಾಂಟೇನ್ ಎಂಬುದು ಜಾಗದ ಹೆಸರು. ಮನೆತನದ ಹೆಸರು ಎಯ್ಕೆಮ್. ಮುತ್ತಜ್ಜ ರಾಮೋನ್ ಎಯ್ಕೆಮ್ ಬೋರ್ಡೋದ ವರ್ತಕ. ದ್ರಾಕ್ಷಾರಸ, ಉಪ್ಪುಮೀನು ಮಾರಿ ಗಳಿಸಿದ ಹಣದಲ್ಲಿ 1477ರಲ್ಲಿ ಈ ಜಹಗೀರನ್ನು ಕೊಂಡ. ಅಜ್ಜ ಗ್ರಿಮೋನ್ ಕೂಡ ವರ್ತಕನೇ. ಅಪ್ಪ ಪಿಯರ್ 1495ರಲ್ಲಿ ಆ ಮನೆಯಲ್ಲಿ ಹುಟ್ಟಿ, ಇಟಲಿಯ ಯುದ್ಧಗಳಿಗೆ ಹೋಗಿ, ಆಮೇಲೆ ಬೋರ್ಡೋದ ಮೇಯರ್ ಆದ. ಎಯ್ಕೆಮ್ ಎಂಬುದನ್ನು ಬಿಟ್ಟು ಬರೀ ಜಾಗದ ಹೆಸರಿನಿಂದ ಗುರುತಿಸಿಕೊಂಡ ಮೊದಲಿಗ ನಮ್ಮ ಪ್ರಬಂಧಕಾರ. ಆದರೆ ಹೆಸರುಗಳ ಬಗ್ಗೆಯೇ ಬರೆದ ಪ್ರಬಂಧದಲ್ಲಿ ಅವನು ಏನೆನ್ನುತ್ತಾನೆ? ಎಲ್ಲರನ್ನೂ ಅವರವರ ಜಮೀನಿನ ಹೆಸರಿನಿಂದ ಕರೆಯುವ ಫ್ರಾನ್ಸಿನ ಈ ರೂಢಿ ಕೆಟ್ಟದ್ದು, ವಂಶಗಳು ಕಲಸಿಹೋಗಿ ಗುರುತು ಸಿಗದಂತಾಗಲು ಇದಕ್ಕಿಂತ ದೊಡ್ಡ ಕಾರಣ ಇಲ್ಲ ಎನ್ನುತ್ತಾನೆ. ತನ್ನ ಮನೆಯ ಲಾಂಛನವನ್ನೂ ಅಲ್ಲೇ ವರ್ಣಿಸುತ್ತಾನೆ. ನೀಲಿ ನೆಲದ ಮೇಲೆ ಹರಡಿದ ಚಿನ್ನದ ಮೂರೆಲೆಗಳು, ನಡುವೆ ಅಡ್ಡಲಾಗಿ ಸಿಂಹದ ಪಂಜ. ಇಷ್ಟು ಹೇಳಿ, ಇದು ನಮ್ಮ ಮನೆಯಲ್ಲೇ ಉಳಿಯಬೇಕೆಂದು ಯಾವ ಕಟ್ಟಳೆ ಇದೆ, ನಾಳೆ ಅಳಿಯನೊಬ್ಬ ಬೇರೆ ಮನೆಗೆ ಒಯ್ಯುತ್ತಾನೆ, ಯಾವನೋ ಕೊಂಡವನು ತನ್ನ ಮೊದಲ ಲಾಂಛನ ಮಾಡಿಕೊಳ್ಳುತ್ತಾನೆ ಎಂದು ಸೇರಿಸುತ್ತಾನೆ. ಗಂಡುಮಕ್ಕಳಿಲ್ಲದ ಮನೆಯ ಯಜಮಾನ ಬರೆದ ಸಾಲುಗಳು ಎಂಬುದನ್ನು ಮರೆಯಬೇಡಿ.

ಮನೆತನದ ವಿಷಯದಲ್ಲಿ ಅವನ ಮೇಲೆ ಮೂದಲಿಕೆಯೂ ಇತ್ತು. ಅವನಪ್ಪ ಮೀನು ಮಾರುತ್ತಿದ್ದವನು ಎಂದು ದೊಡ್ಡ ವಿದ್ವಾಂಸ ಜೋಸೆಫ್ ಸ್ಕಾಲಿಜರ್ ಹೇಳಿದ ಮಾತು ದಾಖಲಾಗಿದೆ. ಮಾಂಟೇನ್ ತನ್ನ ಕಡೆಯಿಂದ, ಈ ಮನೆ ತನ್ನ ಪೂರ್ವಿಕರಲ್ಲಿ ಹೆಚ್ಚಿನವರ ಜನ್ಮಸ್ಥಳ ಎಂದು ಬರೆದುಕೊಂಡ. ತೇಯೋಫಿಲ್ ಮಾಲ್ವೆಜಾನ್ ಎಂಬ ಬೋರ್ಡೋದ ಸಂಶೋಧಕ 1875ರಲ್ಲಿ ಮಾಂಟೇನನ ಮೂಲ ಮತ್ತು ಕುಟುಂಬದ ಬಗ್ಗೆ ಒಂದು ಇಡೀ ಪುಸ್ತಕ ತಂದ. ಹಳೆಯ ದಸ್ತಾವೇಜುಗಳನ್ನು ಹಿಡಿದು ಎಯ್ಕೆಮ್‌ಗಳ ವ್ಯಾಪಾರದ ಕಥೆಯನ್ನೂ, ತಾಯಿ ಆಂತ್ವಾನೆತ್ ದ ಲೂಪ್‌ಳ ತವರಿನ ಮೂಲವನ್ನೂ ಹೊರಗೆಳೆದ. ಸ್ಪೇನಿನಿಂದ ಬಂದ, ಹಿಂದೆ ಯಹೂದ್ಯರಾಗಿದ್ದು ಕ್ರೈಸ್ತರಾದ ಲೋಪೆಜ್ ಮನೆತನ ಅವಳದು. ‘ಪ್ರಬಂಧಗಳು’ ಕೃತಿಯಲ್ಲಿ ಅಪ್ಪ ಮತ್ತೆ ಮತ್ತೆ ಬರುತ್ತಾನೆ, ಪ್ರೀತಿಯಿಂದ ಬರುತ್ತಾನೆ. ಅಮ್ಮ ಹೆಚ್ಚುಕಡಿಮೆ ಬರುವುದೇ ಇಲ್ಲ. ಆಕೆ ಮಗನಿಗಿಂತ ಒಂಬತ್ತು ವರ್ಷ ಹೆಚ್ಚು ಬದುಕಿದ್ದಳು. ಇಷ್ಟೊಂದು ತನ್ನ ಬಗ್ಗೆ ಬರೆದುಕೊಂಡವನ ಪುಸ್ತಕದಲ್ಲಿ ತಾಯಿಯ ಜಾಗ ಖಾಲಿ. ಅದನ್ನು ತುಂಬಿದ್ದು ವಂಶ ಹುಡುಕಿದವನ ಪುಸ್ತಕ. ವಂಶಾವಳಿಯ ಕೆಲಸವನ್ನು ಒಣ ಕೆಲಸ ಎನ್ನುವವರಿಗೆ ನಾನು ಈ ಉದಾಹರಣೆ ಕೊಡುತ್ತೇನೆ.

ಆದರೂ ಮಾಂಟೇನ್ ತನ್ನದೇ ರೀತಿಯಲ್ಲಿ ಒಂದು ವಂಶಾವಳಿ ಬರೆದಿದ್ದಾನೆ. ಅದು ಎರಡನೆಯ ಭಾಗದ ಕೊನೆಯ ಪ್ರಬಂಧ, ಮಕ್ಕಳು ಅಪ್ಪಂದಿರನ್ನು ಹೋಲುವ ಬಗ್ಗೆ. ಅವನನ್ನು ಮೂತ್ರಕೋಶದ ಕಲ್ಲಿನ ಬೇನೆ ಹಿಂಡುತ್ತಿತ್ತು. ಅಪ್ಪನಿಗೂ ಅದೇ ಬೇನೆ, ಅದರಿಂದಲೇ ಸಾವು. ಆದರೆ ಅಪ್ಪನಿಗೆ ಬೇನೆ ಕಾಣಿಸಿಕೊಂಡದ್ದು ಮಗ ಹುಟ್ಟಿ 25 ವರ್ಷ ಕಳೆದ ಮೇಲೆ. ಹಾಗಾದರೆ ಇಷ್ಟು ವರ್ಷ ಅದು ಎಲ್ಲಿ ಅಡಗಿತ್ತು? ನಾವು ಹುಟ್ಟುವ ಆ ಒಂದು ಹನಿಯಲ್ಲಿ ಅಪ್ಪನ ಮೈಕಟ್ಟಷ್ಟೇ ಅಲ್ಲ, ಅವನ ಯೋಚನೆ, ಒಲವುಗಳ ಅಚ್ಚೂ ಹೇಗೆ ಬಂತು? ಅಷ್ಟೊಂದು ಅಣ್ಣತಮ್ಮ ಅಕ್ಕತಂಗಿಯರಲ್ಲಿ ನನ್ನೊಬ್ಬನಿಗೇ ಯಾಕೆ? ಅನುವಂಶೀಯತೆಯ ವಿಜ್ಞಾನ ಹುಟ್ಟುವುದಕ್ಕೆ ಮೂರು ಶತಮಾನ ಮೊದಲು ಕೇಳಿದ ಪ್ರಶ್ನೆಗಳಿವು. ವೈದ್ಯರ ಮೇಲೆ ಅವನಿಗೆ ನಂಬಿಕೆ ಇರಲಿಲ್ಲ. ಆ ಅಪನಂಬಿಕೆಯೂ ವಂಶದಿಂದಲೇ ಬಂದದ್ದು ಎನ್ನುತ್ತಾನೆ. ಅಪ್ಪ 74 ವರ್ಷ, ಅಜ್ಜ 69, ಮುತ್ತಜ್ಜ ಸುಮಾರು 80, ಯಾರೂ ಔಷಧ ಮುಟ್ಟಿದವರಲ್ಲ. ಮುತ್ತಜ್ಜ ಹುಟ್ಟಿದ್ದು 1402ರಲ್ಲಿ. ಇಷ್ಟು ತಲೆಮಾರುಗಳ ಅನುಭವ ಸಾಲದೇ ಎಂದು ಕೇಳುತ್ತಾನೆ. 1495ರಲ್ಲಿ ಹುಟ್ಟಿ 1568ರಲ್ಲಿ ತೀರಿದ ಅಪ್ಪನಿಗೆ 74 ಹೇಗಾಯಿತು ಎಂದು ಲೆಕ್ಕ ಹಾಕುವವರು ಹಾಕಲಿ. ನನಗೆ ಇಲ್ಲಿ ಮುಖ್ಯವಾದದ್ದು ವಂಶವನ್ನು ಜಹಗೀರಿನಲ್ಲೋ ಲಾಂಛನದಲ್ಲೋ ಹುಡುಕದೆ ತನ್ನ ಮೈಯ ನೋವಿನಲ್ಲಿ, ತನ್ನ ಮೊಂಡುತನದಲ್ಲಿ ಹುಡುಕಿದ ಬಗೆ. ಇಂಥ ವಂಶಾವಳಿ ಅವನಿಗಿಂತ ಹಿಂದೆ ಯಾರಾದರೂ ಬರೆದದ್ದನ್ನು ನಾನು ಓದಿಲ್ಲ.

ಪೂರ್ವಿಕರ ಬಗ್ಗೆ ತನಗೆ ಏನು ತಿಳಿಯಬೇಕೆನಿಸುತ್ತದೆ ಎಂಬುದನ್ನೂ ಒಂದು ಕಡೆ ಬರೆದಿದ್ದಾನೆ. ಅವರ ನಡತೆ, ಮುಖ, ಮುಖದ ಭಾವ, ದಿನನಿತ್ಯದ ಮಾತು, ಅವರು ಕಂಡ ಏಳುಬೀಳು, ಇದನ್ನೆಲ್ಲ ಯಾರಾದರೂ ಹೇಳುವಂತಿದ್ದರೆ ಎಷ್ಟು ಕಿವಿಗೊಟ್ಟು ಕೇಳುತ್ತಿದ್ದೆ ಎನ್ನುತ್ತಾನೆ. ಅವರ ಕೈಬರಹ, ಮುದ್ರೆ, ಪ್ರಾರ್ಥನೆಯ ಪುಸ್ತಕ, ಒಂದು ಕತ್ತಿ, ಇವನ್ನು ಜೋಪಾನ ಮಾಡಿದ್ದಾನೆ. ಅಪ್ಪ ಸದಾ ಕೈಯಲ್ಲಿ ಹಿಡಿದು ಓಡಾಡುತ್ತಿದ್ದ ಉದ್ದನೆಯ ಬೆತ್ತಗಳನ್ನು ತನ್ನ ಕೋಣೆಯಿಂದ ಹೊರಗೆ ಹಾಕಿಲ್ಲ. ಈಗ ನಮ್ಮಲ್ಲೂ ಮನೆತನದ ವಂಶಾವಳಿಗಳನ್ನು ಅಚ್ಚು ಹಾಕಿಸುವ ಉತ್ಸಾಹ ಬೆಳೆದಿದೆ. ಬಹಳ ಒಳ್ಳೆಯದು. ಆದರೆ ಅವುಗಳಲ್ಲಿ ಹೆಚ್ಚಿನವು ಗಂಡುಮಕ್ಕಳ ಪಟ್ಟಿಗಳು. ಗೋತ್ರ, ಸೂತ್ರ, ಹುದ್ದೆ ಇರುತ್ತದೆ. ಅಜ್ಜಿಯ ಹೆಸರಿನ ಜಾಗದಲ್ಲಿ ಇಂಥವರ ಪತ್ನಿ ಎಂದಷ್ಟೇ ಇರುತ್ತದೆ. ನಿಮ್ಮಲ್ಲಿ ಯಾರಾದರೂ ಅಂಥ ಪುಸ್ತಕ ಮಾಡುತ್ತಿದ್ದರೆ ದಯವಿಟ್ಟು ಆ ಬೆತ್ತಗಳನ್ನೂ ಸೇರಿಸಿ. ಅಜ್ಜಿ ಯಾವ ಊರಿನಿಂದ ಬಂದಳು, ಏನು ಹಾಡುತ್ತಿದ್ದಳು, ಯಾವ ಮಾತಿಗೆ ಸಿಟ್ಟಾಗುತ್ತಿದ್ದಳು, ಬರೆಯಿರಿ.

ಇನ್ನು ಪುಸ್ತಕದ ಹಾದಿ. 1590ರಲ್ಲಿ ಲೆಯೊನೋರ್ ಮದುವೆಯಾಗಿ ಗಂಡನ ಮನೆಗೆ ಹೊರಟಳು. ಬ್ಯೂಥರನ ಪುಸ್ತಕದ ಜೂನ್ 23ರ ಪುಟದಲ್ಲಿ ಅಪ್ಪ ಬರೆದ. ಶನಿವಾರ, ಬೆಳಗಿನ ಜಾವ, ವಿಪರೀತ ಸೆಕೆ, ನನ್ನ ಮಗಳು ಮೇಡಂ ದ ಲಾ ಟೂರ್ ಹೊಸ ಸಂಸಾರಕ್ಕೆ ಇಲ್ಲಿಂದ ಹೊರಟಳು ಎಂದು. ಸೆಕೆಯನ್ನು ಬರೆದಿದ್ದಾನೆ, ಕಣ್ಣೀರನ್ನು ಬರೆದಿಲ್ಲ. ವಂಶ ಹೀಗೆ ಹೆಣ್ಣಿನ ಕಡೆಯಿಂದ ಬೇರೆ ಮನೆಗಳಿಗೆ ಸಾಗಿತು, ಅವನು ಊಹಿಸಿದಂತೆಯೇ.

ಅಷ್ಟರಲ್ಲಿ ಬರಹಕ್ಕೆ ಇನ್ನೊಬ್ಬ ಮಗಳು ಸಿಕ್ಕಿದ್ದಳು. ಮಾರಿ ದ ಗೂರ್ನೇ, 1565ರಲ್ಲಿ ಹುಟ್ಟಿದವಳು. ಲ್ಯಾಟಿನ್ ತಾನೇ ಕಲಿತವಳು. ಹದಿನೆಂಟು ಹತ್ತೊಂಬತ್ತರ ವಯಸ್ಸಿನಲ್ಲಿ ‘ಪ್ರಬಂಧಗಳು’ ಓದಿ ಮೈಮರೆತಳು. 1588ರಲ್ಲಿ ಪ್ಯಾರಿಸ್ಸಿನಲ್ಲಿ ಅವನನ್ನು ಕಂಡಳು. ಅವನು ಆಕೆಯನ್ನು ಮಾನಸಪುತ್ರಿ ಎಂದು ಸ್ವೀಕರಿಸಿದ. ಅದೇ ವರ್ಷ ಅಚ್ಚಾದ ಪ್ರತಿಯೊಂದರ ಅಂಚುಗಳಲ್ಲಿ ಅವನು ಸಾಯುವವರೆಗೂ ಹೊಸ ಮಾತು ಸೇರಿಸುತ್ತ ಹೋದ. ಅವನು ಹೋದ ಮೇಲೆ ವಿಧವೆ ಫ್ರಾಂಸ್ವಾಸ್, ಕವಿ ಪಿಯರ್ ದ ಬ್ರಾಕ್‌ನ ನೆರವಿನಿಂದ ಆ ಸೇರ್ಪಡೆಗಳ ಪ್ರತಿಯನ್ನು ಗೂರ್ನೇಗೆ ಕಳಿಸಿಕೊಟ್ಟಳು. ಇದನ್ನು ಓದುವಾಗಲೆಲ್ಲ ಆ ಹೆಂಗಸಿನ ದೊಡ್ಡತನಕ್ಕೆ ನನ್ನ ಮನಸ್ಸು ತುಂಬುತ್ತದೆ. ಐದು ಮಕ್ಕಳನ್ನು ಮಣ್ಣು ಮಾಡಿದ ತಾಯಿ, ಗಂಡನ ಪುಸ್ತಕವನ್ನು ಎಲ್ಲೋ ದೂರದ ತರುಣಿಯ ಕೈಗೆ ಒಪ್ಪಿಸುತ್ತಾಳೆ. ಗೂರ್ನೇ ಅದನ್ನು 1595ರಲ್ಲಿ ಅಚ್ಚು ಹಾಕಿಸಿ, ಅಚ್ಚಾದ ಪ್ರತಿಗಳ ತಪ್ಪುಗಳನ್ನು ಕೈಯಿಂದ ತಿದ್ದಿ, ಆ ಮನೆಗೇ ಹೋಗಿ ತಾಯಿ ಮಗಳ ಜೊತೆ ಬಹುಕಾಲ ಇದ್ದು ಬಂದಳು. 1635ರವರೆಗೂ ಹೊಸ ಹೊಸ ಆವೃತ್ತಿ ತಂದಳು. ಗಂಡು ಹೆಣ್ಣು ಸಮಾನರೆಂದು ವಾದಿಸುವ ಸ್ವಂತ ಗ್ರಂಥವನ್ನು 1622ರಲ್ಲಿ ಪ್ರಕಟಿಸಿದಳು.

ಆದರೂ ವಿದ್ವಾಂಸರು ಆಕೆಯನ್ನು ಬಹುಕಾಲ ಅನುಮಾನಿಸಿದರು. ಮಾಂಟೇನ್ ಸ್ವಂತ ಕೈಯಿಂದ ಅಂಚುಗಳಲ್ಲಿ ಬರೆದ ಆ ಅಚ್ಚಿನ ಪ್ರತಿ ಬೋರ್ಡೋದ ಒಂದು ಮಠದಲ್ಲಿತ್ತು. ಫ್ರೆಂಚ್ ಕ್ರಾಂತಿಯ ನಂತರ ನಗರದ ಗ್ರಂಥಾಲಯಕ್ಕೆ ಬಂತು. ಅದನ್ನು ಯಾರೋ ಮರುಬೈಂಡ್ ಮಾಡುವಾಗ ಅಂಚು ಕತ್ತರಿಸಿ, ಪುಟದ ತುದಿಯ ಅಕ್ಷರಗಳೇ ಹೋಗಿವೆ. ಆ ಪ್ರತಿಗೂ 1595ರ ಪಠ್ಯಕ್ಕೂ ಸಾವಿರಾರು ಸಣ್ಣ ವ್ಯತ್ಯಾಸಗಳಿವೆ. ನಾನು ಮೊದಲು ಹೇಳಿದ, ಮಕ್ಕಳ ಸಾವಿನ ಮಾತು ಬರುವ ಪ್ರಬಂಧ ಬೋರ್ಡೋ ಪ್ರತಿಯಲ್ಲಿ 14ನೆಯದು, 1595ರ ಪಠ್ಯದಲ್ಲಿ 40ನೆಯದು. ಗೂರ್ನೇಯನ್ನು ಹೊಗಳುವ ಒಂದು ಭಾಗ 1595ರಲ್ಲಿ ಮಾತ್ರ ಇದೆ. ತಾನೇ ಸೇರಿಸಿಕೊಂಡಳು ಎಂದು ಕೆಲವರು ಹೇಳಿದರು. 20ನೆಯ ಶತಮಾನದುದ್ದಕ್ಕೂ ಬೋರ್ಡೋ ಪ್ರತಿಗೇ ಮಾನ್ಯತೆ. 2007ರಲ್ಲಿ ಫ್ರಾನ್ಸಿನ ಪ್ರತಿಷ್ಠಿತ ಪ್ಲೇಯಾದ್ ಮಾಲೆ ಮತ್ತೆ ಗೂರ್ನೇಯ ಪಠ್ಯವನ್ನೇ ಆಧಾರವಾಗಿ ತೆಗೆದುಕೊಂಡಿತು. ನನ್ನ ಅಭಿಪ್ರಾಯ ಕೇಳಿದರೆ, ಆಕೆಗೆ ಸಲ್ಲಬೇಕಾದ ನ್ಯಾಯ ತಡವಾಗಿಯಾದರೂ ಸಂದಿತು.

ರಕ್ತಸಂಬಂಧದ ಕಡೆ ಏನಾಯಿತು? ಗೋಪುರದಲ್ಲಿದ್ದ ಸುಮಾರು ಸಾವಿರ ಪುಸ್ತಕಗಳು ಲೆಯೊನೋರ್ ಮೂಲಕ ಒಬ್ಬ ಪಾದ್ರಿಗೆ ಹೋಗಿ ಚದುರಿಹೋದವು. ಗುರುತು ಸಿಕ್ಕಿರುವುದು ನೂರರ ಆಸುಪಾಸು. ಆದರೆ ಮನೆಯವರು ಏನನ್ನೂ ಉಳಿಸಲಿಲ್ಲ ಎನ್ನುವುದು ಅನ್ಯಾಯ. 1580-81ರಲ್ಲಿ ಅವನು ಜರ್ಮನಿ, ಇಟಲಿ ಸುತ್ತಿದ ಪ್ರವಾಸದ ದಿನಚರಿ ಅದೇ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಸುಮಾರು ಎರಡು ಶತಮಾನ ಇತ್ತು. ಪೆರಿಗೋರ್ ಸೀಮೆಯ ಇತಿಹಾಸಕ್ಕಾಗಿ ಕಾಗದ ಹುಡುಕುತ್ತಿದ್ದ ಪ್ರೂನಿಸ್ ಎಂಬ ಪಾದ್ರಿಗೆ 1770ರಲ್ಲಿ ಅದು ಸಿಕ್ಕಿತು, 1774ರಲ್ಲಿ ಅಚ್ಚಾಯಿತು. ಮೂಲ ಹಸ್ತಪ್ರತಿ ಆಮೇಲೆ ಕಳೆದೇಹೋಯಿತು. 1885ರಲ್ಲಿ ಮನೆಗೆ ಬೆಂಕಿ ಬಿತ್ತು. ಗೋಪುರ ಉಳಿಯಿತು. ತೊಲೆಗಳ ಮೇಲೆ ಅವನು ಬರೆಸಿದ ಗ್ರೀಕ್, ಲ್ಯಾಟಿನ್ ಸಾಲುಗಳನ್ನು ಇವತ್ತೂ ಓದಬಹುದು.

‘ಪ್ರಬಂಧಗಳು’ ಕೃತಿಯನ್ನು 1603ರಲ್ಲಿ ಜಾನ್ ಫ್ಲೋರಿಯೋ ಇಂಗ್ಲಿಷಿಗೆ ತಂದ. ಇಂಗ್ಲಿಷ್ ಪ್ರಬಂಧ ಅಲ್ಲಿಂದ ಬೆಳೆಯಿತು, ಆ ಇಂಗ್ಲಿಷ್ ಪ್ರಬಂಧಗಳನ್ನು ಓದಿದ ನಮ್ಮ ಹಿರಿಯರು ಕನ್ನಡದ ಲಲಿತ ಪ್ರಬಂಧ ಕಟ್ಟಿದರು. ಎ.ಎನ್. ಮೂರ್ತಿರಾಯರನ್ನು ಓದಿದವರಿಗೆ ಮಾಂಟೇನನ ಸಲಿಗೆಯ ದನಿ ಪರಕೀಯ ಅನ್ನಿಸುವುದಿಲ್ಲ.

ಹೊಸದಾಗಿ ಓದುವವರು ಮೊದಲ ಪುಟದಿಂದ ಹಿಡಿಯಬೇಕಿಲ್ಲ. ಡೊನಾಲ್ಡ್ ಫ್ರೇಮ್ ಅಥವಾ ಎಂ.ಎ. ಸ್ಕ್ರೀಚ್ ಅವರ ಇಂಗ್ಲಿಷ್ ಅನುವಾದ ಹಿಡಿದು, ಎರಡನೆಯ ಭಾಗದ ಎಂಟನೆಯ ಪ್ರಬಂಧ ತೆಗೆಯಿರಿ. ಅಪ್ಪಂದಿರಿಗೆ ಮಕ್ಕಳ ಮೇಲಿರುವ ಪ್ರೀತಿಯ ಬಗ್ಗೆ ಅದು. ಅದರ ಕೊನೆಗೆ ಒಬ್ಬನು ಬರೆದ ಪುಸ್ತಕವೂ ಅವನ ಮಗುವೇ, ಎರಡರಲ್ಲಿ ಯಾವುದನ್ನು ಬಿಟ್ಟುಕೊಡುತ್ತೀರಿ ಎಂಬ ಪ್ರಶ್ನೆಗೆ ಬರುತ್ತಾನೆ. ಆಮೇಲೆ ಬೆತ್ತಗಳ ಮಾತು ಬರುವ ಹದಿನೆಂಟನೆಯದು, ಆಮೇಲೆ ಕಲ್ಲಿನ ಬೇನೆಯ ಮೂವತ್ತೇಳನೆಯದು. ಬೋರ್ಡೋ ಪ್ರತಿಯ ಪುಟಗಳ ಚಿತ್ರಗಳು ಅಂತರ್ಜಾಲದಲ್ಲಿ ಎಲ್ಲರಿಗೂ ಸಿಗುತ್ತವೆ. ಫ್ರೆಂಚ್ ಬಾರದಿದ್ದರೂ ಒಮ್ಮೆ ನೋಡಿ, ಅಚ್ಚಿನ ಸುತ್ತ ಅವನ ಕೈಬರಹ ಎಷ್ಟು ಜಾಗ ಹಿಡಿದಿದೆ ಎಂದು.